256 ಎಂಬಿ ಹಾಕಿದರೆ 128 ಮಾತ್ರ ಕಾಣುವುದೇಕೆ? ಹಳೆಯ ಲ್ಯಾಪ್‌ಟಾಪಿನ ಮೆಮೊರಿ ವಿಚಾರ

ಪ್ರಶ್ನೆ: ನನ್ನ ಬಳಿ 2000ನೇ ಇಸವಿಯ ಐಬಿಎಂ ಥಿಂಕ್‌ಪ್ಯಾಡ್ ಟಿ21 ಇದೆ. ಪೆಂಟಿಯಂ 3 ಪ್ರೊಸೆಸರ್. ಒಂದು ಸ್ಲಾಟಿನಲ್ಲಿ 128 ಎಂಬಿ ಮೆಮೊರಿ, ಇನ್ನೊಂದು ಖಾಲಿ. ಹಳೆಯ ಆಟಗಳಿಗೂ ಹಳೆಯ ಸಾಫ್ಟ್‌ವೇರ್‌ಗಳಿಗೂ ಅಂತ ವಿಂಡೋಸ್ 98 ಮತ್ತು ಎಕ್ಸ್‌ಪಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಖಾಲಿ ಸ್ಲಾಟಿಗೆ ‘256 ಎಂಬಿ ಪಿಸಿ133’ ಎಂಬ ಲೇಬಲ್ ಇರುವ ಮಾಡ್ಯೂಲ್ ಹಾಕಿದೆ. ಒಟ್ಟು 384 ಬರಬೇಕಿತ್ತು, 256 ಮಾತ್ರ ಬರುತ್ತಿದೆ. ಅದೇ ಮಾಡ್ಯೂಲ್ 2002ರ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಪೂರ್ತಿ 256 ತೋರಿಸುತ್ತದೆ. ನನ್ನ ಸ್ಲಾಟ್ ಕೆಟ್ಟಿದೆಯೇ? ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ಪ್ರೋಗ್ರಾಮ್) ಅಪ್‌ಡೇಟ್ ಮಾಡಿದರೆ ಸರಿಹೋದೀತೇ? ಒಟ್ಟು ಎಷ್ಟರವರೆಗೆ ಏರಿಸಬಹುದು? ಸ್ನೇಹಿತನ ಹಳೆಯ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಹಾಕಿದರೆ 3 ಜಿಬಿ ತೋರಿಸುತ್ತದಂತೆ. ಅದೂ ಇದೇ ರೋಗವೇ?

ಉತ್ತರ: ಸ್ಲಾಟ್ ಕೆಟ್ಟಿಲ್ಲ, ಮಾಡ್ಯೂಲೂ ಕೆಟ್ಟಿಲ್ಲ. ಬಯಾಸ್ ಅಪ್‌ಡೇಟಿನಿಂದ ಇದು ಸರಿಹೋಗುವುದೂ ಇಲ್ಲ. ನಿಮ್ಮ ಯಂತ್ರ ಗರಿಷ್ಠ 512 ಎಂಬಿಯವರೆಗೆ ಹೋಗುತ್ತದೆ, ಆದರೆ ಸರಿಯಾದ ಬಗೆಯ 256 ಎಂಬಿ ಮಾಡ್ಯೂಲ್‌ಗಳನ್ನು ಹಾಕಿದರೆ ಮಾತ್ರ. ನೀವು ತಂದದ್ದು ಆ ಬಗೆಯದಲ್ಲ. ಸ್ನೇಹಿತನ 3 ಜಿಬಿ ಕತೆ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸರಿಯಾಗಿ ಅರ್ಧ ಮಾಯವಾಗಿದೆ ಎನ್ನುವುದರಲ್ಲೇ ಉತ್ತರದ ಸುಳಿವಿದೆ. ಕೆಟ್ಟ ಮೆಮೊರಿ ಹೀಗೆ ಲೆಕ್ಕ ಹಾಕಿದಂತೆ ಅರ್ಧಕ್ಕೆ ಇಳಿಯುವುದು ಅಪರೂಪ. ಅದು ಪರದೆಯನ್ನು ಕಪ್ಪಾಗಿಸುತ್ತದೆ, ಬೀಪ್ ಹೊಡೆಸುತ್ತದೆ, ಇಲ್ಲವೇ ವಿಂಡೋಸನ್ನು ಎಲ್ಲೆಂದರಲ್ಲಿ ಬೀಳಿಸುತ್ತದೆ. ಯಾವ ಗಲಾಟೆಯೂ ಇಲ್ಲದೆ ಸರಿಯಾಗಿ ಅರ್ಧ ಕಾಣಿಸಿದರೆ ಎಲ್ಲೋ ಒಂದು ವಿಳಾಸ ತಂತಿ (ಮೆಮೊರಿಯ ಜಾಗಗಳನ್ನು ಗುರುತಿಸಿ ಕರೆಯುವ ತಂತಿ) ಕಡಿಮೆ ಬಿದ್ದಿದೆ ಎಂದು ಅರ್ಥ. ನಿಮ್ಮ ಯಂತ್ರದಲ್ಲಿ ಆ ತಂತಿ ಹುಟ್ಟಿನಿಂದಲೇ ಇಲ್ಲ.

ಟಿ21ರಲ್ಲಿರುವುದು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳ ಜೊತೆ ಬೆಸೆಯುವ ಚಿಪ್ಪುಗಳ ಗುಂಪು), 1998ರ ಏಪ್ರಿಲ್‌ನಲ್ಲಿ ಹೊರಬಂದದ್ದು. ಮೆಮೊರಿಯ ಜೊತೆ ಮಾತಾಡುವ ಕಂಟ್ರೋಲರ್ ಆಗಿನ ಕಾಲದಲ್ಲಿ ಪ್ರೊಸೆಸರಿನೊಳಗೆ ಇರುತ್ತಿರಲಿಲ್ಲ, ಈ ಚಿಪ್‌ಸೆಟ್ಟಿನೊಳಗೆ ಇರುತ್ತಿತ್ತು. ಹಾಗಾಗಿ ಎಷ್ಟು ಮೆಮೊರಿ, ಎಂಥ ಮೆಮೊರಿ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಪ್ರೊಸೆಸರ್ ಅಲ್ಲ, ವಿಂಡೋಸೂ ಅಲ್ಲ, ಚಿಪ್‌ಸೆಟ್. ಎಸ್‌ಡಿರ‍್ಯಾಮ್ ಚಿಪ್ಪಿನೊಳಗೆ (ಆ ಕಾಲದ ಮೆಮೊರಿಯ ಬಗೆ ಅದು) ದತ್ತಾಂಶ ಸಾಲು ಮತ್ತು ಕಾಲಂಗಳ ಚೌಕಟ್ಟಿನಲ್ಲಿ ಕೂತಿರುತ್ತದೆ. ಅಂಥ ಚೌಕಟ್ಟುಗಳು ನಾಲ್ಕು, ಒಂದೊಂದಕ್ಕೂ ಬ್ಯಾಂಕ್ ಎಂದು ಹೆಸರು. ಕಂಟ್ರೋಲರ್ ಮೊದಲು ಸಾಲಿನ ಸಂಖ್ಯೆ ಹೇಳುತ್ತದೆ, ಆಮೇಲೆ ಅದೇ ತಂತಿಗಳ ಮೇಲೆ ಕಾಲಂ ಸಂಖ್ಯೆ ಹೇಳುತ್ತದೆ. 440ಬಿಎಕ್ಸ್ ಸಾಲಿನ ಸಂಖ್ಯೆಗೆ ಕೊಟ್ಟಿರುವುದು 12 ತಂತಿ. ಒಂದೊಂದು ತಂತಿ ಸೇರಿದಾಗಲೂ ಸಂಖ್ಯೆ ಇಮ್ಮಡಿಯಾಗುವುದರಿಂದ ಒಂದು ಬ್ಯಾಂಕಿನಲ್ಲಿ 4096 ಸಾಲುಗಳನ್ನು ಅದು ಹೆಸರಿಡಿದು ಕರೆಯಬಲ್ಲದು. 128 ಮೆಗಾಬಿಟ್ ಚಿಪ್ಪಿನಲ್ಲಿ ಇರುವುದೂ ಅಷ್ಟೇ ಸಾಲು, ಹೊಂದಿಕೊಳ್ಳುತ್ತದೆ. 256 ಮೆಗಾಬಿಟ್ ಚಿಪ್ಪಿನಲ್ಲಿ 8192 ಸಾಲುಗಳಿವೆ, ಅವನ್ನು ಕರೆಯಲು 13ನೇ ತಂತಿ ಬೇಕು. ಅದು ಬಿಎಕ್ಸ್‌ನಲ್ಲಿ ಇಲ್ಲ. ಉಳಿದ 4096 ಸಾಲುಗಳು ಚಿಪ್ಪಿನೊಳಗೆ ಆರೋಗ್ಯವಾಗಿಯೇ ಇವೆ, ಅವನ್ನು ಕರೆಯುವವರಿಲ್ಲ. ಇಲ್ಲದ ತಂತಿಯನ್ನು ಯಾವ ಬಯಾಸೂ ಎಳೆಯಲಾರದು. 2002ರ ಇನ್ನೊಂದು ಲ್ಯಾಪ್‌ಟಾಪಿನ ಚಿಪ್‌ಸೆಟ್‌ಗೆ ಆ ತಂತಿ ಇದೆ, ಅಲ್ಲಿ ಪೂರ್ತಿ ಕಾಣುತ್ತದೆ.

ಹಾಗಾಗಿ ಮಾಡ್ಯೂಲಿನ ಮೇಲಿನ ಲೇಬಲ್ ಓದಿ ಕೊಳ್ಳುವ ಅಭ್ಯಾಸ ಈ ಕಾಲದ ಯಂತ್ರಗಳಿಗೆ ಆಗಿಬರುವುದಿಲ್ಲ. ಲೇಬಲ್ ಹೇಳುವುದು ಒಟ್ಟು ಸಾಮರ್ಥ್ಯ. ನಿಮಗೆ ಬೇಕಾದದ್ದು ಆ ಸಾಮರ್ಥ್ಯವನ್ನು ಎಂಥ ಚಿಪ್ಪುಗಳಿಂದ ಕಟ್ಟಿದ್ದಾರೆ ಎಂಬ ವಿವರ. ಲೆಕ್ಕ ಕಷ್ಟವಲ್ಲ: 8 ಬಿಟ್ ಒಂದು ಬೈಟ್ ಆದ್ದರಿಂದ 128 ಮೆಗಾಬಿಟ್ ಚಿಪ್ ಅಂದರೆ 16 ಎಂಬಿ. 256 ಎಂಬಿ ತುಂಬಲು ಅಂಥವು 16 ಬೇಕು, ಎರಡು ಬದಿಗೂ ಎಂಟೆಂಟು. 256 ಮೆಗಾಬಿಟ್ ಚಿಪ್ ಆದರೆ 8 ಸಾಕು. ನಿಮ್ಮ ಮಾಡ್ಯೂಲ್ ತಿರುಗಿಸಿ ನೋಡಿ, ಒಂದು ಬದಿಗೆ ನಾಲ್ಕರಂತೆ ಎಂಟು ಚಿಪ್ ಇದ್ದೇ ಇರುತ್ತವೆ.

ಎಣಿಕೆಯ ಜೊತೆಗೆ ಚಿಪ್ಪಿನ ಮೇಲಿನ ಬರಹವನ್ನೂ ಓದುವುದು ಒಳ್ಳೆಯದು. ಸ್ಯಾಮ್‌ಸಂಗ್ ಚಿಪ್ ಆದರೆ ಕೆ4ಎಸ್ ಎಂದು ಶುರುವಾಗುತ್ತದೆ. ಅದರ ಮುಂದೆ 28 ಇದ್ದರೆ 128 ಮೆಗಾಬಿಟ್, 56 ಇದ್ದರೆ 256 ಮೆಗಾಬಿಟ್. ಅದಕ್ಕೂ ಮುಂದಿನ ಎರಡು ಅಂಕಿ ಚಿಪ್ಪಿನ ಅಗಲ: 08 ಅಥವಾ 16. ಹಾಗೆ ನೋಡಿದರೆ ಕೆ4ಎಸ್280832 ಎಂಬುದು ನಿಮಗೆ ಬೇಕಾದ ಚಿಪ್, ಕೆ4ಎಸ್561632 ನಿಮ್ಮ ಸಮಸ್ಯೆಯ ಚಿಪ್. ಮೈಕ್ರಾನ್ ಬರಹ ಇನ್ನೂ ನೇರ. ಎಂಟಿ48ಎಲ್‌ಸಿ16ಎಂ8 ಎಂದಿದ್ದರೆ 16 ಗುಣಿಸು 8, ಅಂದರೆ 128 ಮೆಗಾಬಿಟ್. 16ಎಂ16 ಎಂದಿದ್ದರೆ 16 ಗುಣಿಸು 16, 256 ಮೆಗಾಬಿಟ್. ಗುಣಾಕಾರ ಮಾಡಿದರೆ ಸಾಕು. ಕೊನೆಯಲ್ಲಿ ಅಡ್ಡಗೆರೆಯ ನಂತರ 75 ಎಂದಿದ್ದರೆ 7.5 ನ್ಯಾನೊಸೆಕೆಂಡ್, ಅಂದರೆ 133 ಮೆಗಾಹರ್ಟ್ಸ್‌ಗೆ ತಕ್ಕ ವೇಗ.

ಹಾಗಾದರೆ ಕೊಳ್ಳುವಾಗ ಕೇಳಬೇಕಾದದ್ದು ಇಷ್ಟು: 144 ಪಿನ್ ಸೋಡಿಮ್ (ಲ್ಯಾಪ್‌ಟಾಪಿಗೆಂದು ಮಾಡಿದ ಗಿಡ್ಡ ಮಾಡ್ಯೂಲ್), 3.3 ವೋಲ್ಟ್ ಎಸ್‌ಡಿರ‍್ಯಾಮ್, 256 ಎಂಬಿ, 16 ಚಿಪ್. ಮಾರುವವರಲ್ಲಿ ಎರಡೂ ಬದಿಯ ಫೋಟೊ ಕೇಳಿ. ‘ಲೋ ಡೆನ್ಸಿಟಿ’ ಎಂದು ಬರೆದಿದ್ದಾರೆ ಎಂಬುದನ್ನು ನಂಬಿ ಕೂರಬೇಡಿ. ಆ ಮಾತನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಫೋಟೊದಲ್ಲಿನ ಚಿಪ್ಪಿನ ಸಂಖ್ಯೆಗೆ ಆ ಗೊಂದಲವಿಲ್ಲ. ಒಂದೇ ಕಂಪನಿಯ ಜೋಡಿ ಬೇಕೇ ಬೇಕು ಎಂಬುದೂ ಇಲ್ಲ. ಜೋಡಿ ಹೊಂದಿಸಿ ವೇಗ ಗಳಿಸುವ ಡ್ಯುಯಲ್ ಚಾನೆಲ್ ವ್ಯವಸ್ಥೆ ಈ ಚಿಪ್‌ಸೆಟ್ಟಿನಲ್ಲಿ ಇಲ್ಲ.

ಪಿಸಿ100ರ ಜಾಗಕ್ಕೆ ಪಿಸಿ133 ಹಾಕಬಹುದೇ ಎಂದು ಅನೇಕರು ಹೆದರುತ್ತಾರೆ. ಧಾರಾಳವಾಗಿ ಹಾಕಿ. 133 ಎಂಬುದು ಮಾಡ್ಯೂಲ್ ತಡೆಯಬಲ್ಲ ವೇಗವೇ ಹೊರತು ಅದು ಒತ್ತಾಯಿಸುವ ವೇಗವಲ್ಲ. ನಿಮ್ಮ ಬಸ್ ಓಡುವುದು 100 ಮೆಗಾಹರ್ಟ್ಸ್‌ನಲ್ಲಿ, ಮೆಮೊರಿಯೂ ಅಷ್ಟರಲ್ಲೇ ಓಡುತ್ತದೆ. ಪ್ರತಿ ಮಾಡ್ಯೂಲಿನ ಮೇಲೂ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತದೆ, ಅದರಲ್ಲಿ ಎಸ್‌ಪಿಡಿ ಎಂಬ ವಿವರಪಟ್ಟಿ. ಬಯಾಸ್ ಅದನ್ನು ಓದಿ ಹೊಂದಿಸಿಕೊಳ್ಳುತ್ತದೆ.

512ಕ್ಕಿಂತ ಹೆಚ್ಚು ಏಕಾಗದು? ಕೆಲವು ಡೆಸ್ಕ್‌ಟಾಪುಗಳಲ್ಲಿ ಇದೇ 440ಬಿಎಕ್ಸ್ 1 ಜಿಬಿ ನಡೆಸುತ್ತದಲ್ಲ ಎಂದು ಯಾರಾದರೂ ಹೇಳಿಯಾರು. ನಿಜವೇ. ಬಿಎಕ್ಸ್ ಎಂಟು ಗುಂಪು ಮೆಮೊರಿಯನ್ನು ಸಂಭಾಳಿಸುತ್ತದೆ, ಈ ಬಗೆಯ ಮಾಡ್ಯೂಲುಗಳಲ್ಲಿ ಒಂದು ಗುಂಪಿಗೆ ಗರಿಷ್ಠ 128 ಎಂಬಿ. ನಾಲ್ಕು ಸ್ಲಾಟಿನ ಡೆಸ್ಕ್‌ಟಾಪಿನಲ್ಲಿ ಎರಡು ಬದಿಯ ನಾಲ್ಕು ಮಾಡ್ಯೂಲ್ ಸೇರಿದರೆ ಎಂಟು ಗುಂಪು, 1 ಜಿಬಿ. ನಿಮ್ಮ ಲ್ಯಾಪ್‌ಟಾಪಿಗೆ ಎರಡೇ ಸ್ಲಾಟ್, ನಾಲ್ಕೇ ಗುಂಪು. 512 ಎಂಬಿಯ ಒಂದೇ ಮಾಡ್ಯೂಲ್ ತಂದರೂ ಅದರಲ್ಲಿರುವುದು 256 ಮೆಗಾಬಿಟ್ ಚಿಪ್ಪುಗಳೇ. ಅರ್ಧ ಕಂಡೀತು, ಇಲ್ಲವೇ ಯಂತ್ರ ಏಳದೇ ಹೋದೀತು.

ಈಗ ಒಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರಬಹುದು: ಅರ್ಧವಾದರೂ ಕೆಲಸ ಮಾಡುತ್ತಿದೆಯಲ್ಲ, 128 ಜೊತೆ 128 ಸೇರಿ 256 ಆಯಿತು, ಹಾಗೇ ಬಿಟ್ಟರೆ ಏನು ತಪ್ಪು? ಬಹಳ ಜನ ಹಾಗೇ ಬಿಡುತ್ತಾರೆ, ಏನೂ ಆಗದೆ ಕಾಲ ಕಳೆಯುತ್ತದೆ. ಆದರೂ ನಾನು ಇದನ್ನು ಒಪ್ಪುವುದಿಲ್ಲ, ಅದಕ್ಕೊಂದು ಕಾರಣವಿದೆ. ಡಿರ‍್ಯಾಮ್‌ನ ಪ್ರತಿ ಬಿಟ್ ಒಂದು ಸಣ್ಣ ಕೆಪಾಸಿಟರಿನಲ್ಲಿ ನಿಂತ ವಿದ್ಯುದಾವೇಶ. ಅದು ಸೋರುತ್ತದೆ, ಸೋರಿ ಹೋಗುವ ಮುನ್ನ ಮತ್ತೆ ತುಂಬಬೇಕು. ನಿಯಮದ ಪ್ರಕಾರ ಪ್ರತಿ ಸಾಲಿಗೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಈ ರಿಫ್ರೆಶ್ ಆಗಬೇಕು. 4096 ಸಾಲಿನ ಚಿಪ್ಪಿಗೆ 15.6 ಮೈಕ್ರೊಸೆಕೆಂಡಿಗೊಮ್ಮೆ ಆದೇಶ ಕೊಟ್ಟರೆ ಲೆಕ್ಕ ಸರಿಹೊಂದುತ್ತದೆ, ಬಿಎಕ್ಸ್ ಮಾಡುವುದು ಅದನ್ನೇ. 8192 ಸಾಲಿನ ಚಿಪ್ಪಿಗೆ ಇದರ ಇಮ್ಮಡಿ ವೇಗದಲ್ಲಿ, 7.8 ಮೈಕ್ರೊಸೆಕೆಂಡಿಗೊಮ್ಮೆ ಆದೇಶ ಬೇಕು. ಅಷ್ಟು ಬೇಗ ಕೊಡುವ ಆಯ್ಕೆ ಬಿಎಕ್ಸ್‌ನಲ್ಲಿ ಇಲ್ಲ. ಯಾವ ಸಾಲು ಬಳಕೆಯಲ್ಲಿದೆ, ಯಾವುದು ಇಲ್ಲ ಎಂಬುದು ಚಿಪ್ಪಿನ ಒಳಗಿನ ಎಣಿಕೆಗೆ ಗೊತ್ತಿರುವುದಿಲ್ಲ. ಅದು 8192 ಸಾಲುಗಳನ್ನೂ ಸುತ್ತಿ ಬರುತ್ತದೆ, ಒಂದು ಸುತ್ತಿಗೆ 128 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ನಿಮ್ಮ ಆ ಮಾಡ್ಯೂಲ್ ನಿಗದಿತ ಅವಧಿಯ ಎರಡು ಪಟ್ಟು ಕಾಲ ರಿಫ್ರೆಶ್ ಇಲ್ಲದೆ ಕಾಯುತ್ತಿದೆ.

ಬಹುತೇಕ ಚಿಪ್ಪುಗಳು 64 ಮಿಲಿಸೆಕೆಂಡಿಗಿಂತ ಎಷ್ಟೋ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತವೆ, ಆದ್ದರಿಂದಲೇ ಇದು ನಡೆಯುತ್ತದೆ. ಆದರೆ ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಬಿಸಿಗೆ ಬರವಿಲ್ಲ. ಎರಡು ಗಂಟೆ ಆಟ ಆಡಿದ ಮೇಲೆ ಮಾತ್ರ ಕಾಣುವ ತೊಂದರೆ, ಯಾವ ಫೈಲಿನಲ್ಲಿ ಯಾವಾಗ ಒಂದು ಬಿಟ್ ತಿರುಗಿತೋ ತಿಳಿಯದ ತೊಂದರೆ, ಇಂಥದ್ದು ಹುಡುಕಲು ತೀರಾ ಕಷ್ಟ. ಆ ಮಾಡ್ಯೂಲನ್ನು 2002ರ ಯಂತ್ರಕ್ಕೇ ಕೊಡಿ, ಅಲ್ಲಿ ಅದು ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಸರಿಯಾದ ಮಾಡ್ಯೂಲ್ ಕೈಗೆ ಬಂದ ಮೇಲೆ ಹಾಕುವ ಕೆಲಸ ಹತ್ತು ನಿಮಿಷದ್ದು. ಅವಸರ ಬೇಡ ಅಷ್ಟೇ. ಮೊದಲು ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ. ಸ್ಟ್ಯಾಂಡ್‌ಬೈನಲ್ಲಿ ಇದ್ದರೆ ಮೆಮೊರಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಪರದೆ ಕಪ್ಪಾಗಿದೆ ಎಂದು ನಂಬಬೇಡಿ. ಹೈಬರ್ನೇಟ್ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಮಲಗಿಸುವುದು) ಮಾಡಿಯೂ ತೆಗೆಯಬಾರದು. ಮತ್ತೆ ಎದ್ದಾಗ ವಿಂಡೋಸ್ ಹಳೆಯ ಮೆಮೊರಿಯ ನಕ್ಷೆ ಹಿಡಿದುಕೊಂಡು ಹುಡುಕಾಡುತ್ತದೆ. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಅಲ್ಟ್ರಾಬೇಯಲ್ಲಿ (ಸಿಡಿ ಡ್ರೈವ್ ಕೂರುವ ಗೂಡು) ಎರಡನೇ ಬ್ಯಾಟರಿ ಇದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಆವೇಶ ಇಳಿಯುತ್ತದೆ. ಮೆಮೊರಿ ಮುಟ್ಟುವ ಮುನ್ನ ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮುಟ್ಟಿ. ಚಳಿಗಾಲದ ಒಣ ಹವೆಯಲ್ಲಿ, ಉಣ್ಣೆಯ ಬಟ್ಟೆ ತೊಟ್ಟು ಈ ಕೆಲಸಕ್ಕೆ ಕೂರಬೇಡಿ.

ಮಾಡ್ಯೂಲ್ ತೆಗೆಯಲು ಎಳೆಯಬಾರದು. ಎರಡೂ ತುದಿಯ ಕೊಕ್ಕೆಗಳನ್ನು ಒಟ್ಟಿಗೆ ಹೊರಕ್ಕೆ ಸರಿಸಿದರೆ ಅದು ತಾನಾಗಿ ಮೇಲಕ್ಕೆ ಏಳುತ್ತದೆ. ಇಪ್ಪತ್ತೈದು ವರ್ಷ ಹಳೆಯ ಪ್ಲಾಸ್ಟಿಕ್ಕಿಗೆ ಬಳುಕುವ ಗುಣ ಉಳಿದಿರುವುದಿಲ್ಲ. ಕೊಕ್ಕೆ ಮುರಿದರೆ ಸ್ಲಾಟೇ ಹೋದಂತೆ, ಸಾಕೆಟ್ ಬದಲಿಸುವುದು ಬೆಸುಗೆ ಬಲ್ಲವರ ಕೆಲಸ. ಹೊಸದನ್ನು ಸುಮಾರು 30 ಡಿಗ್ರಿ ಓರೆಯಾಗಿ, ಹೊನ್ನಿನ ಅಂಚು ಬಹುತೇಕ ಕಾಣದಷ್ಟು ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕಡೆ ಕ್ಲಿಕ್ ಎನ್ನಬೇಕು. ‘ಹೊಸ ಮೆಮೊರಿ ಕಾಣುತ್ತಿಲ್ಲ’ ಎಂದು ಬರುವ ದೂರುಗಳಲ್ಲಿ ದೊಡ್ಡ ಪಾಲು ಈ ಒಳಕ್ಕೆ ತಳ್ಳುವ ಹಂತವನ್ನು ಅರ್ಧಕ್ಕೆ ಬಿಟ್ಟಿದ್ದರಿಂದಲೇ ಬರುವಂಥವು. ಅಂಚು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಸಲಹೆ ಎಲ್ಲೆಡೆ ಸಿಗುತ್ತದೆ, ಫಲಿತಾಂಶವೂ ತಕ್ಷಣ ಸಿಗುತ್ತದೆ. ಆದರೆ ಅಲ್ಲಿರುವ ಚಿನ್ನದ ಲೇಪ ತೀರಾ ತೆಳು, ರಬ್ಬರ್ ಅದನ್ನು ಸವೆಸುತ್ತದೆ, ಅದರ ಪುಡಿ ಸಾಕೆಟ್ಟಿನೊಳಗೆ ಸೇರುತ್ತದೆ. ನಾನು ಬಳಸುವುದಿಲ್ಲ.

ಮುಚ್ಚಳ ತೆಗೆದಾಗ ಇನ್ನೊಂದನ್ನೂ ನೋಡಿ. 1990ರ ದಶಕದ ಅನೇಕ ಲ್ಯಾಪ್‌ಟಾಪುಗಳಲ್ಲಿ ಗಡಿಯಾರಕ್ಕೋ ಸ್ಟ್ಯಾಂಡ್‌ಬೈಗೋ ಎಂದು ಇಟ್ಟ ಪುಟ್ಟ ನಿಕೆಲ್ ಬ್ಯಾಟರಿಗಳು ಈಗ ಕ್ಷಾರ ಸೋರುತ್ತಿವೆ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಮೆಮೊರಿಯ ಮಾತು ಆಮೇಲೆ, ಮೊದಲು ಆ ಬ್ಯಾಟರಿ ಹೊರಗೆ ಬರಲಿ.

ಯಂತ್ರ ಎದ್ದು ಸರಿಯಾದ ಸಂಖ್ಯೆ ತೋರಿಸಿತು ಎಂದರೆ ಕೆಲಸ ಮುಗಿಯಲಿಲ್ಲ. ಆರಂಭದ ಎಣಿಕೆ ಮೇಲ್ನೋಟದ್ದು, ಮೆಮೊರಿ ಇದೆ ಎನ್ನುತ್ತದೆಯೇ ಹೊರತು ಚೆನ್ನಾಗಿದೆ ಎನ್ನುವುದಿಲ್ಲ. ಮೆಮ್‌ಟೆಸ್ಟ್86+ ಎಂಬ ಉಚಿತ ಪ್ರೋಗ್ರಾಮಿನ ಹಳೆಯ ಆವೃತ್ತಿಯನ್ನು ಫ್ಲಾಪಿ ಅಥವಾ ಸಿಡಿಯಿಂದ ಎಬ್ಬಿಸಿ, ಒಂದು ರಾತ್ರಿ ಓಡಲು ಬಿಡಿ. ಮುಚ್ಚಳ ಹಾಕಿ, ಯಂತ್ರ ಎಂದಿನಂತೆ ಬಿಸಿಯಾಗುವ ಸ್ಥಿತಿಯಲ್ಲೇ ಓಡಿಸಬೇಕು. ತೆರೆದಿಟ್ಟು ತಂಪಾಗಿ ಪರೀಕ್ಷಿಸಿದರೆ ಮೇಲೆ ಹೇಳಿದ ಸೋರಿಕೆಯ ದೋಷ ಬಚ್ಚಿಟ್ಟುಕೊಳ್ಳುತ್ತದೆ. ಒಂದೇ ಒಂದು ದೋಷ ಕಂಡರೂ ಅದು ದೋಷವೇ. ಆಗ ಒಂದೊಂದೇ ಮಾಡ್ಯೂಲನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಿ. ದೋಷ ಮಾಡ್ಯೂಲಿನ ಜೊತೆ ಹೋಗುತ್ತದೋ ಸ್ಲಾಟಿನಲ್ಲೇ ಉಳಿಯುತ್ತದೋ ಎಂಬುದರಿಂದ ಅಪರಾಧಿ ಯಾರೆಂದು ಗೊತ್ತಾಗುತ್ತದೆ.

ಈಗ ವಿಂಡೋಸ್. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಹೇಳಿದ ಕನಿಷ್ಠ 64 ಎಂಬಿ, ಶಿಫಾರಸು 128. ಆ ಕನಿಷ್ಠದಲ್ಲಿ ಎಕ್ಸ್‌ಪಿ ನಡೆಸಿದವರಿಗೆ ತಾಳ್ಮೆಯ ಪಾಠ ಬೇರೆ ಬೇಕಿರಲಿಲ್ಲ. 512 ಎಂಬಿಯಲ್ಲಿ ಅದು ಆರಾಮವಾಗಿ ಉಸಿರಾಡುತ್ತದೆ, ನೀವು ಏನನ್ನೂ ಬದಲಿಸಬೇಕಿಲ್ಲ.

ವಿಂಡೋಸ್ 98ರ ಕತೆ ತದ್ವಿರುದ್ಧ. ಅದಕ್ಕೆ ಮೆಮೊರಿ ಹೆಚ್ಚಾದರೂ ಅಜೀರ್ಣ. ಡಿಸ್ಕ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ನೋಡಿಕೊಳ್ಳುವ ವಿಕ್ಯಾಶ್ ಎಂಬ ಭಾಗ ಇರುವ ಮೆಮೊರಿಗೆ ತಕ್ಕಂತೆ ತನ್ನ ಗರಿಷ್ಠ ಗಾತ್ರ ನಿರ್ಧರಿಸಿಕೊಂಡು, ಅಷ್ಟಕ್ಕೂ ಬೇಕಾದ ವಿಳಾಸಗಳನ್ನು ಮೊದಲೇ ಕಾದಿರಿಸುತ್ತದೆ. ಮೆಮೊರಿ 512 ಎಂಬಿ ದಾಟಿದರೆ ಉಳಿದ ಕೆಲಸಗಳಿಗೆ ವಿಳಾಸವೇ ಸಾಲದೆ ‘ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತದೆ. ಮೆಮೊರಿ ಸೇರಿಸಿದ್ದಕ್ಕೇ ಮೆಮೊರಿ ಸಾಲದು ಎನ್ನುವ ಈ ವಿಚಿತ್ರ ಆ ಕಾಲದಲ್ಲಿ ಅನೇಕರ ತಲೆ ಕೆಡಿಸಿತ್ತು. ಎಜಿಪಿ ಗ್ರಾಫಿಕ್ಸ್‌ಗೆ ಮೀಸಲಾದ ವಿಳಾಸಗಳೂ ಅದೇ ಜಾಗದಿಂದ ಬರುವುದರಿಂದ ಸರಿಯಾಗಿ 512ರಲ್ಲಿರುವ ನಿಮ್ಮದು ಗಡಿಯ ಮೇಲೆ ನಿಂತ ಯಂತ್ರ. ಸಿಸ್ಟಮ್ ಐಎನ್‌ಐ ಫೈಲಿನ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ (MaxFileCache) ಎಂದು ಒಂದೇ ಪದವಾಗಿ ಬರೆದು, ಸಮ ಚಿಹ್ನೆ ಹಾಕಿ 262144 ಎಂದು ಕೊಡಿ. ಅದು ಕಿಲೊಬೈಟ್ ಲೆಕ್ಕ, ಅಂದರೆ 256 ಎಂಬಿ ಮಿತಿ. ಮೊದಲೇ ಫೈಲಿನ ಪ್ರತಿ ತೆಗೆದಿಡಿ. ತೊಂದರೆ ಬರುವ ಮುನ್ನವೇ ಹೀಗೆ ಮಾಡಿಟ್ಟರೆ ನಷ್ಟವೇನಿಲ್ಲ.

ಹೈಬರ್ನೇಶನ್ ವಿಷಯ ಮರೆಯುವವರು ಬಹಳ. ಮಲಗುವ ಮುನ್ನ ಮೆಮೊರಿಯಲ್ಲಿದ್ದದ್ದೆಲ್ಲ ಡಿಸ್ಕಿಗೆ ಹೋಗಬೇಕು, ಹಾಗಾಗಿ ಡಿಸ್ಕಿನಲ್ಲಿ ಮೆಮೊರಿಯಷ್ಟೇ ಜಾಗ ಬೇಕು. ಎಕ್ಸ್‌ಪಿ ತನ್ನ ಫೈಲನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ, ಬಯಾಸೇ ಈ ಕೆಲಸ ಮಾಡುವ ಯಂತ್ರಗಳಲ್ಲಿ, ಮೊದಲೇ ಕಾದಿರಿಸಿದ ಫೈಲ್ ಅಥವಾ ಪಾರ್ಟಿಶನ್ ಇರುತ್ತದೆ. ಅದರ ಗಾತ್ರ ಹಳೆಯ ಮೆಮೊರಿಗೆ ಹೊಂದಿಸಿದ್ದು. ಮೆಮೊರಿ ಏರಿಸಿದ ಮೇಲೆ ಹೈಬರ್ನೇಟ್ ಕೈಕೊಟ್ಟರೆ ಕಾರಣ ಇದೇ. ತಯಾರಕರ ಉಪಕರಣದಿಂದ ಅದನ್ನು ಮತ್ತೆ ಸೃಷ್ಟಿಸಬೇಕು, ಫೀನಿಕ್ಸ್ ಬಯಾಸ್ ಇರುವ ಹಲವು ಯಂತ್ರಗಳಲ್ಲಿ ಅದರ ಹೆಸರು ಪಿಎಚ್‌ಡಿಸ್ಕ್.

ಇಷ್ಟೆಲ್ಲ ಮಾಡಿದರೆ ಎಷ್ಟು ಲಾಭ? ಮೆಮೊರಿ ಹೆಚ್ಚಿಸಿದರೆ ಪ್ರೊಸೆಸರ್ ವೇಗವಾಗುವುದಿಲ್ಲ, ಡಿಸ್ಕಿಗೆ ಹೋಗುವುದು ತಪ್ಪುತ್ತದೆ. ನಿಮಿಷಕ್ಕೆ 4200 ಸುತ್ತು ತಿರುಗುವ ಆ ಕಾಲದ ಡಿಸ್ಕಿನಲ್ಲಿ ಒಂದು ತುಣುಕು ದತ್ತಾಂಶ ಸಿಗಲು ಇಪ್ಪತ್ತು ಮಿಲಿಸೆಕೆಂಡಿನಷ್ಟು ಬೇಕು, ಮೆಮೊರಿಯಲ್ಲಿ ಹತ್ತಾರು ನ್ಯಾನೊಸೆಕೆಂಡ್ ಸಾಕು. ಲಕ್ಷ ಪಟ್ಟಿಗೂ ಮೀರಿದ ಅಂತರ. ಆದ್ದರಿಂದ ಮೆಮೊರಿ ತುಂಬಿ ಡಿಸ್ಕಿಗೆ ಚೆಲ್ಲುತ್ತಿರುವವರೆಗೆ ಪ್ರತಿ ಎಂಬಿಯೂ ಅಮೂಲ್ಯ, ಚೆಲ್ಲುವುದು ನಿಂತ ಮೇಲೆ ಸೇರಿಸಿದ್ದು ಸುಮ್ಮನೆ ಕೂತಿರುತ್ತದೆ. ನಿಮ್ಮ ಅಗತ್ಯ ಎಷ್ಟೆಂದು ಊಹಿಸಬೇಕಿಲ್ಲ, ಎಕ್ಸ್‌ಪಿಯೇ ಹೇಳುತ್ತದೆ. ದಿನವಿಡೀ ಎಂದಿನಂತೆ ಕೆಲಸ ಮಾಡಿ, ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಕಮಿಟ್ ಚಾರ್ಜ್ ಎಂಬಲ್ಲಿ ಪೀಕ್ ಸಂಖ್ಯೆ (ಅಲ್ಲಿಯವರೆಗೆ ಬೇಕಾದ ಅತಿ ಹೆಚ್ಚು ಮೆಮೊರಿ) ನೋಡಿ. ಅದು ಪಕ್ಕದ ಭೌತಿಕ ಮೆಮೊರಿಯ ಒಟ್ಟು ಸಂಖ್ಯೆಗಿಂತ ಸಾಕಷ್ಟು ಕಡಿಮೆ ಇದ್ದರೆ ಇನ್ನು ಮೆಮೊರಿಗೆ ಹಣ ಹಾಕಬೇಡಿ. ಎರಡೂ ಕಿಲೊಬೈಟ್ ಲೆಕ್ಕದಲ್ಲಿವೆ. ವಿಂಡೋಸ್ 98ರಲ್ಲಿ ಸಿಸ್ಟಮ್ ಮಾನಿಟರ್ ತೆರೆದು ಮೆಮೊರಿ ಮ್ಯಾನೇಜರ್ ಗುಂಪಿನಲ್ಲಿ ಸ್ವಾಪ್‌ಫೈಲ್ (ಮೆಮೊರಿಯಿಂದ ಡಿಸ್ಕಿಗೆ ಚೆಲ್ಲಿದ್ದು ಕೂರುವ ಫೈಲ್) ಬಳಕೆ ನೋಡಬಹುದು.

ಇಂದಿನ ವೆಬ್‌ಸೈಟುಗಳನ್ನು ನೋಡುವ ಆಸೆಯಿಂದ ಮೆಮೊರಿ ಏರಿಸುತ್ತಿದ್ದರೆ ಮಾತ್ರ ಈಗಲೇ ಕೈಬಿಡಿ. ಇಂದಿನ ಬ್ರೌಸರುಗಳಿಗೆ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ2 ಎಂಬ ಆದೇಶ ಸಮೂಹ ಬೇಕು. ಅದು ಬಂದದ್ದು ಪೆಂಟಿಯಂ 4ರ ಜೊತೆ. ಪೆಂಟಿಯಂ 3ರಲ್ಲಿ ಅದಿಲ್ಲ, ಎಷ್ಟು ಮೆಮೊರಿ ತುಂಬಿದರೂ ಬರುವುದಿಲ್ಲ.

ಸ್ನೇಹಿತನ ಲ್ಯಾಪ್‌ಟಾಪ್ ವಿಷಯ. 4 ಜಿಬಿ ಹಾಕಿ 3 ಕಾಣುವುದು 2006ರ ಸುಮಾರಿನ, ಇಂಟೆಲ್ 945 ಚಿಪ್‌ಸೆಟ್ ಇರುವ ಯಂತ್ರಗಳ ಪ್ರಸಿದ್ಧ ಲಕ್ಷಣ. ಅಲ್ಲಿ ಮೆಮೊರಿ ಚಿಪ್ಪಿನ ಸಾಲುಗಳ ತಕರಾರಿಲ್ಲ. ಇಡೀ ಯಂತ್ರಕ್ಕೆ 32 ಬಿಟ್ ವಿಳಾಸ, ಒಟ್ಟು 4 ಜಿಬಿ ಜಾಗ. ಅದರ ಮೇಲ್ಭಾಗವನ್ನು ಗ್ರಾಫಿಕ್ಸ್, ಪಿಸಿಐ ಎಕ್ಸ್‌ಪ್ರೆಸ್, ಬಯಾಸ್ ಮುಂತಾದವು ಹಿಡಿದುಕೊಳ್ಳುತ್ತವೆ. ಅದರಡಿ ಸಿಕ್ಕಿಬಿದ್ದ ಮೆಮೊರಿಯನ್ನು 4 ಜಿಬಿಯ ಆಚೆಗೆ ಸರಿಸಿ ತೋರಿಸುವ ವ್ಯವಸ್ಥೆ 945ರಲ್ಲಿ ಇಲ್ಲ. 64 ಬಿಟ್ ವಿಂಡೋಸ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಅವರಿಗೆ ಹೇಳಿದ್ದರೆ ಆ ಶ್ರಮ ವ್ಯರ್ಥ. ಮುಂದಿನ ಪೀಳಿಗೆಯ 965ರಲ್ಲಿ ಈ ಮಿತಿ ಹೋಯಿತು. ಅಂದಹಾಗೆ 3 ಜಿಬಿ ಸಾಕು ಎನ್ನುವವರು 2 ಜಿಬಿ ಮತ್ತು 1 ಜಿಬಿ ಮಾಡ್ಯೂಲ್ ಹಾಕಿಕೊಂಡು ಸುಖವಾಗಿದ್ದಾರೆ.

ಇನ್ನೂ ಹಳೆಯ ಯಂತ್ರದ ಮೇಲೆ ಮುಂದೆ ಮನಸ್ಸು ಹೋದರೆ ಎರಡು ಮಾತು ಗಮನದಲ್ಲಿರಲಿ. 1997ರ ಸುಮಾರಿನ ಪೆಂಟಿಯಂ ಯಂತ್ರಗಳಲ್ಲಿ ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ ಇದ್ದರೆ 256 ಎಂಬಿವರೆಗೆ ಹಾಕಬಹುದು, ಆದರೆ ಎಲ್2 ಕ್ಯಾಶ್ (ಪ್ರೊಸೆಸರಿಗೆ ಹತ್ತಿರದ ಪುಟ್ಟ, ವೇಗದ ಮೆಮೊರಿ) ಕೆಲಸ ಮಾಡುವುದು ಮೊದಲ 64 ಎಂಬಿಗೆ ಮಾತ್ರ. ವಿಂಡೋಸ್ 95 ಮತ್ತು 98 ಮೆಮೊರಿಯನ್ನು ಮೇಲಿನಿಂದ ಕೆಳಕ್ಕೆ ತುಂಬುತ್ತವೆ, ಅಂದರೆ ಕ್ಯಾಶ್ ಇಲ್ಲದ ಭಾಗಕ್ಕೇ ಮೊದಲು ಕಾಲಿಡುತ್ತವೆ. ಮೆಮೊರಿ ಏರಿಸಿದ್ದರಿಂದಲೇ ಯಂತ್ರ ನಿಧಾನವಾದ ಉದಾಹರಣೆಗಳು ಇಲ್ಲಿ ಸುಳ್ಳಲ್ಲ. ಎರಡನೆಯದು, 144 ಪಿನ್ ಸೋಡಿಮ್‌ನಲ್ಲಿ ಇಡಿಒ ಎಂಬ ಹಳೆಯ ಬಗೆಯೂ ಉಂಟು, ಎಸ್‌ಡಿರ‍್ಯಾಮ್ ಬಗೆಯೂ ಉಂಟು. ಎರಡೂ 3.3 ವೋಲ್ಟಿನವಾದರೆ ಅದೇ ಸ್ಲಾಟಿಗೆ ಕೂರುತ್ತವೆ, ಕೂತ ಮಾತ್ರಕ್ಕೆ ನಡೆಯುವುದಿಲ್ಲ. ಆಮೇಲೆ ಬಂದ 200 ಪಿನ್‌ನ ಡಿಡಿಆರ್ ಮತ್ತು ಡಿಡಿಆರ್2 ಕೂಡ ನೋಡಲು ಅವಳಿಗಳು, ಆದರೆ ಒಂದಕ್ಕೆ 2.5 ವೋಲ್ಟ್, ಇನ್ನೊಂದಕ್ಕೆ 1.8. ಅಲ್ಲಿ ಕಚ್ಚಿನ ಜಾಗ ತುಸು ಸರಿದಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಇಳಿಯುವುದಿಲ್ಲ. ಕೂರುತ್ತಿಲ್ಲ ಎಂದರೆ ಒತ್ತಬೇಡಿ.

ನಿಮ್ಮ ಟಿ21ಕ್ಕೆ ನನ್ನ ಸಲಹೆ: ಸದ್ಯಕ್ಕೆ 16 ಚಿಪ್ಪಿನ 256 ಎಂಬಿ ಮಾಡ್ಯೂಲ್ ಒಂದನ್ನು ಮಾತ್ರ ಕೊಳ್ಳಿ. ಮೂಲದ 128ರ ಜೊತೆ ಸೇರಿ ನೀವು ಮೊದಲು ಎಣಿಸಿದ್ದ 384 ಆಗುತ್ತದೆ. ವಿಂಡೋಸ್ 98ರ ಆಟಗಳಿಗೆ ಅದು ಬೇಕಾದ್ದಕ್ಕಿಂತ ಹೆಚ್ಚು, 512ರ ಗಡಿಯ ತಲೆನೋವೂ ಇಲ್ಲ. ಎಕ್ಸ್‌ಪಿಯಲ್ಲಿ ಒಂದು ವಾರ ಪೀಕ್ ಸಂಖ್ಯೆ ನೋಡುತ್ತಿರಿ. 3,80,000 ಕಿಲೊಬೈಟಿನ ಹತ್ತಿರ ಹೋಗುತ್ತಿದ್ದರೆ ಎರಡನೆಯದನ್ನು ಕೊಳ್ಳಿ. ಹೋಗದಿದ್ದರೆ ಆ ಹಣದಲ್ಲಿ ತಿರುಗುವ ಡಿಸ್ಕ್ ತೆಗೆದು, 44 ಪಿನ್ ಐಡಿಇ ಅಡಾಪ್ಟರಿನ ಮೇಲೆ ಒಂದು ಫ್ಲ್ಯಾಶ್ ಡ್ರೈವ್ ಕೂರಿಸಿ.